ಎಮ್ಮೆಗೊಂದು ನಂಬರು

ನಮ್ಮ ಅತ್ತಿಗೆ ಹಲ್ಲು ಮಾಡುವವಳು. ಹಲ್ಲಿನ ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರಲ್ಲ, ಆ ಅಚ್ಚಿಗೆ ಗಾರೆ ಹೊಯ್ದು, ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ ಸೆಟ್ಟು ಮಾಡುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಊರಿನ ಅರ್ಧ ಮುದುಕರ ನಗು ತನ್ನ ಕೈಯಿಂದಲೇ ಆಚೆ ಹೋಗಿದೆ ಎನ್ನುತ್ತಾಳೆ. ನಮ್ಮ ಅಮ್ಮನ ಬಾಯಲ್ಲಿರುವುದೂ ಅವಳು ಮಾಡಿದ ಸೆಟ್ಟೇ. ಅತ್ತೆ ಸೊಸೆಗೆ ಮಾತು ಹತ್ತಿದ ದಿನ ಅಮ್ಮ ಅದನ್ನು ತೆಗೆದು ಲೋಟದಲ್ಲಿಟ್ಟು, "ನಿನ್ನ ಹಲ್ಲಿಂದ ನಿನ್ನನ್ನೇ ಬೈಯೋಕಾಗಲ್ಲ, ಇರು" ಎಂದು ಬೋಳು ಬಾಯಲ್ಲೇ ಬೈಯಲು ಶುರು ಮಾಡುತ್ತಾಳೆ. ಅರ್ಧ ಮಾತು ಅರ್ಥವಾಗದೆ ಇಬ್ಬರಿಗೂ ನಗು ಬಂದು ಜಗಳ ಅಲ್ಲಿಗೇ ಮುಗಿಯುತ್ತದೆ.

ನಾನು ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿರುವ ನಾದಿನಿ. ಮಲಗುವುದು ಮೇಲೆ, ಊಟ ತಿಂಡಿ ಹರಟೆಯೆಲ್ಲ ಕೆಳಗೆ. ಹಾಗಾಗಿ ಹಿಂದಿನ ಕೋಣೆಯ ರೈಲಿನ ಕಥೆಯನ್ನು ನಾನು ಮೊದಲಿನಿಂದಲೂ ನೋಡಿದ್ದೇನೆ.

ರೈಲು ಅಣ್ಣನದು. ಅವನು ನೀರಿನ ಕಚೇರಿಯಲ್ಲಿ ಕೊಳವೆಗಳ ನಕ್ಷೆ ಬರೆಯುವವನು. ಹಿಂದಿನ ಕೋಣೆಯ ಮೂರು ಗೋಡೆಗೂ ಒತ್ತಿದ ಹಾಗೆ ಸೊಂಟದೆತ್ತರದ ಪ್ಲೈವುಡ್ ಮೇಜು ಹಾಕಿಸಿ, ಅದರ ಮೇಲೆ ಎರಡು ಸ್ಟೇಷನ್ನು, ಒಂದು ಸೇತುವೆ, ಒಂದು ಸುರಂಗ ಮಾಡಿದ್ದಾನೆ. ಎಂಜಿನ್ನು ಅಂಗೈಯಷ್ಟು ಉದ್ದ. ಎರಡು ಸ್ಟೇಷನ್ನುಗಳ ನಡುವೆ ಇರುವುದು ಒಂಟಿ ಹಳಿ. ಸ್ಟೇಷನ್ನಿಗೆ ಬಂದಾಗ ಮಾತ್ರ ಅದು ಎರಡಾಗಿ ಸೀಳಿ, ದಾಟಿದ ಮೇಲೆ ಮತ್ತೆ ಒಂದಾಗುತ್ತದೆ. ಎದುರು ರೈಲು ಬಂದರೆ ನಿಂತು ದಾರಿ ಬಿಡುವುದಕ್ಕೆ ಅದೊಂದೇ ಜಾಗ.

ಬೆಟ್ಟಗಳು ಅತ್ತಿಗೆಯವು. ಲ್ಯಾಬಿನಲ್ಲಿ ಮಿಕ್ಕ ಹಳದಿ ಗಾರೆ ತಂದು ಎರೆದು, ಹಲ್ಲು ಉಜ್ಜುವ ಸಣ್ಣ ಮಷೀನಿನ ತುದಿಯಿಂದ ಬಂಡೆಯ ಬಿರುಕು ಕೆತ್ತಿದ್ದಾಳೆ. ಕೈಗೆ ಅಂಟಿದ ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಸುರಂಗದ ಬಾಯಿ ಯಾರದೋ ಮೇಲ್ದವಡೆಯ ಹಾಗೆಯೇ ಬಂದಿದೆ. ಅದನ್ನು ನೋಡಿದ ಅಮ್ಮ ಇದು ಯಾರ ಬಾಯಿ ಎಂದು ಕೇಳಿದ್ದಳು.

"ಅದು ಬಂಡೆ ಅತ್ತೆ," ಎಂದಿದ್ದಳು ಅತ್ತಿಗೆ.

"ಆಯ್ತು ಬಂಡೆ. ಬಂಡೆಗೆ ಬುದ್ಧಿಹಲ್ಲು ಯಾಕೆ ಬಂತು?" ಎಂದು ಅಮ್ಮ ಕೇಳಿದ್ದಳು.

ರೈಲು ಬರುವ ಮೊದಲು ಆ ಕೋಣೆಯಲ್ಲಿ ಬಟ್ಟೆ ಒಣಗುತ್ತಿತ್ತು. ಹಳಿಗೆ ತೇವ ಆಗದು ಎಂದು ಒಣಹಾಕುವ ತಂತಿಯನ್ನು ತಾರಸಿಗೆ ಕಟ್ಟಲಾಯಿತು. ತಂತಿ ಮೇಲೆ ಹೋಯಿತೇ ಹೊರತು ಒದ್ದೆ ಬಟ್ಟೆಯ ಬಕೆಟ್ಟು ತಾನಾಗಿ ಮೆಟ್ಟಿಲು ಹತ್ತಲಿಲ್ಲ. ಇನ್ನು ಹಳಿಗೆ ಧೂಳು ಕೂತರೆ ಎಂಜಿನ್ನಿಗೆ ಕರೆಂಟು ಸಿಗುವುದಿಲ್ಲ, ಮುಗ್ಗರಿಸುತ್ತದೆ. ಹಾಗಾಗಿ ವಾರಕ್ಕೊಮ್ಮೆ ಕಡ್ಡಿಯ ತುದಿಗೆ ಹಳೆ ಪಂಚೆಯ ಚೂರು ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಹಳಿಯನ್ನು ಗೇಣು ಗೇಣಾಗಿ ಒರೆಸಬೇಕು. ಸುರಂಗದೊಳಗೆ ಮೊಣಕೈವರೆಗೂ ತೂರಿಸಬೇಕು. ಅಡುಗೆಮನೆ ಒರೆಸಿದವಳು ಪಡಸಾಲೆ ಒರೆಸುತ್ತಾಳೆ, ಪಡಸಾಲೆ ಒರೆಸಿದವಳು ಹಳಿಯನ್ನೂ ಒರೆಸುತ್ತಾಳೆ. ಇದನ್ನು ಯಾರೂ ನಿರ್ಧರಿಸಿದ್ದಲ್ಲ, ಬಟ್ಟೆಯ ಚೂರು ಅವಳ ಕೈಯಲ್ಲಿತ್ತು, ಅಷ್ಟೆ. ರೈಲು ಅಣ್ಣನ ಹವ್ಯಾಸ, ಅತ್ತಿಗೆಯ ಕೆಲಸ.

ರೈಲು ಓಡಿಸುವ ಪದ್ಧತಿಯೂ ಹಾಗೇ ಇತ್ತು. ಅಣ್ಣನ ಕೈಯಲ್ಲಿ ತಿರುಪು ಇರುವ ಒಂದು ಕಪ್ಪು ಡಬ್ಬಿ. ತಿರುಗಿಸಿದಷ್ಟೂ ಹಳಿಗೆ ಕರೆಂಟು ಹರಿದು ರೈಲು ವೇಗ ಪಡೆಯುತ್ತದೆ. ಆದರೆ ಇಡೀ ಹಳಿಗೆ ಒಟ್ಟಿಗೆ ಕರೆಂಟು ಕೊಟ್ಟರೆ ಸ್ಟೇಷನ್ನಿನಲ್ಲಿ ನಿಂತ ಎಂಜಿನ್ನೂ ಹೊರಟುಬಿಡುತ್ತದೆ. ಅದಕ್ಕೆ ಹಳಿಯನ್ನು ತುಂಡು ತುಂಡು ಮಾಡಿ, ತುಂಡಿಗೊಂದು ಸ್ವಿಚ್ಚು ಇಟ್ಟಿದ್ದರು. ರೈಲು ಹೋಗುವ ಮುಂದಿನ ತುಂಡಿನ ಸ್ವಿಚ್ಚು ಹಾಕಬೇಕು, ದಾಟಿದ ತುಂಡಿನದು ತೆಗೆಯಬೇಕು. ಆ ಸ್ವಿಚ್ಚುಗಳ ಹಲಗೆ ಅಡುಗೆಮನೆಯ ಬಾಗಿಲ ಪಕ್ಕದ ಮೂಲೆಯಲ್ಲಿತ್ತು. ಅದರ ಮುಂದಿನ ಸ್ಟೂಲಿನ ಮೇಲೆ ಅತ್ತಿಗೆ. ಸ್ಟೇಷನ್ನಿನಲ್ಲಿ ಹಳಿ ಸೀಳುವ ಕಡೆ ದಾರಿ ಬದಲಿಸುವ ಕೀಲು ಒತ್ತುವವಳೂ ಅವಳೇ.

ಮೊದಮೊದಲು ಅಣ್ಣ "ಎರಡು! ಮೂರು!" ಎಂದು ಕೂಗುತ್ತಿದ್ದ. ಆಮೇಲೆ ಕೂಗುವುದೂ ಬೇಕಾಗಲಿಲ್ಲ. ಸೇತುವೆ ಮೇಲೆ ಗಾಲಿಯ ಸದ್ದು ಬದಲಾದರೆ ಅತ್ತಿಗೆಯ ಬೆರಳು ತಾನಾಗಿಯೇ ಮುಂದಿನ ಸ್ವಿಚ್ಚಿಗೆ ಹೋಗುತ್ತಿತ್ತು. ಒಂದು ಕಿವಿ ಹಾಲಿನ ಮೇಲೆ, ಒಂದು ಕಿವಿ ಹಳಿಯ ಮೇಲೆ. ನೋಡಲು ಬಂದವರು ಅಣ್ಣನ ಬೆನ್ನು ತಟ್ಟುತ್ತಿದ್ದರು: "ಏನು ನಯವಾಗಿ ಓಡಿಸ್ತೀರ್ರೀ! ಎಲ್ಲೂ ಒಂದು ಜರ್ಕ್ ಇಲ್ಲ." ಅಣ್ಣ ವಿನಯದಿಂದ, "ಪ್ರಾಕ್ಟೀಸು" ಎನ್ನುತ್ತಿದ್ದ.

ಅತ್ತಿಗೆಗೆ ಇದ್ದ ಆಸೆ ಒಂದೇ, ಅದೂ ದೊಡ್ಡದೇನಲ್ಲ. ರೈಲನ್ನು ತಾನು ಓಡಿಸಬೇಕು. ತವರಿನಲ್ಲಿ ಸ್ಕೂಟರು ಅವಳ ಅಣ್ಣಂದಿರ ಪಾಲಿಗೆ ಬಂದು, ಅವಳಿಗೆ ಹಿಂದಿನ ಸೀಟು ಸಿಕ್ಕಿತ್ತಂತೆ. "ಹಿಂದೆ ಕೂತು ಕೂತು ನಂಗೆ ಎಲ್ಲರ ಬೆನ್ನಿನ ಪರಿಚಯ ಚೆನ್ನಾಗಿದೆ," ಎಂದು ನಗುತ್ತಿದ್ದಳು. ಒಂದು ಸಲ ಕೇಳಿಯೂ ಕೇಳಿದಳು.

"ರೀ, ನಾನೊಂದ್ಸಲ ಓಡಿಸ್ಲಾ?"

"ಅಯ್ಯೋ, ಅದಕ್ಕೇನಂತೆ, ಓಡಿಸು ಓಡಿಸು," ಎಂದು ಅಣ್ಣ ಉದಾರವಾಗಿ ಡಬ್ಬಿ ಕೊಟ್ಟು ತಾನು ಸ್ಟೂಲಿನ ಮೇಲೆ ಕೂತ. ರೈಲು ಹೊರಟಿತು. ಅಣ್ಣ ಅದರ ಚಂದ ನೋಡುತ್ತ ಮೈಮರೆತ. ಸ್ವಿಚ್ಚು ಹಾಕುವವರಿಲ್ಲದೆ ರೈಲು ಸೇತುವೆಯ ಬುಡದಲ್ಲಿ ನಿಂತಿತು.

"ನೋಡು, ಥಟ್ಟಂತ ತಿರುಗಿಸ್ತೀಯ. ನಿನ್ನ ಕೈಯಲ್ಲಿ ಆ ನಯ ಇಲ್ಲ ಕಣೇ," ಎಂದ ಅಣ್ಣ.

ಒಂದು ಅಕ್ಕಿಕಾಳಿನಷ್ಟು ಮೇಣ ಹೆಚ್ಚಾದರೆ ಬೆರಳಲ್ಲೇ ಗೊತ್ತುಹಚ್ಚುವ ಹೆಂಗಸು ಡಬ್ಬಿ ವಾಪಸು ಕೊಟ್ಟು ಸ್ಟೂಲಿಗೆ ಬಂದು ಸ್ವಿಚ್ಚು ಹಾಕಿದಳು. ರೈಲು ಹೊರಟಿತು. "ನೋಡಿದ್ಯಾ?" ಎಂದ ಅಣ್ಣ. "ನೋಡಿದೆ," ಎಂದಳು.

ಹೀಗಿರುವಾಗ ಪದ್ಧತಿ ಬದಲಿಸುವ ಮಾತು ಬಂತು. ಅಣ್ಣನಿಗೆ ಇಬ್ಬರು ರೈಲಿನ ಸ್ನೇಹಿತರು. ಒಬ್ಬರು ರಿಟೈರಾದ ಡ್ರಾಯಿಂಗ್ ಮೇಷ್ಟ್ರು. ಅವರ ಮನೆಯ ರೈಲಿನಲ್ಲಿ ಎಂಜಿನ್ನಿಗಿಂತ ಸಿಗ್ನಲ್ ಕಂಬಗಳೇ ಜಾಸ್ತಿ, ಆದ್ದರಿಂದ ಸಿಗ್ನಲ್ ಮೇಷ್ಟ್ರು. ಇನ್ನೊಬ್ಬ ಔಷಧದ ಅಂಗಡಿಯವನು, ಎಲ್ಲರ ಬಾಯಲ್ಲೂ ಗುಳಿಗೆ. ಪ್ರತಿ ಭಾನುವಾರ ಮೂವರೂ ಸೇರಿ ರೈಲು ಓಡಿಸುವುದಕ್ಕಿಂತ ಹೇಗೆ ಓಡಿಸಬೇಕೆಂದು ಜಗಳವಾಡುವುದೇ ಹೆಚ್ಚು.

"ಡಿಜಿಟಲ್‌ಗೆ ಬನ್ನಿ ಸ್ವಾಮಿ," ಎಂದ ಗುಳಿಗೆ. "ಹಳಿಗೆ ಯಾವಾಗಲೂ ಕರೆಂಟಿರುತ್ತೆ. ಪ್ರತಿ ಎಂಜಿನ್ ಒಳಗೂ ಒಂದು ಚಿಪ್ಪು, ಚಿಪ್ಪಿಗೊಂದು ನಂಬರು. ಹ್ಯಾಂಡ್‌ಸೆಟ್ಟಲ್ಲಿ ಆ ನಂಬರು ಒತ್ತಿದ್ರೆ ಅದೊಂದೇ ಎಂಜಿನ್ ಮಾತು ಕೇಳುತ್ತೆ. ಈ ಸ್ವಿಚ್ಚು, ಈ ತುಂಡು, ಈ ಜಂಜಾಟ ಯಾವ ಕಾಲದ್ದು!"

"ತಂತಿ ಎಳೆದು ಬೆವರು ಸುರಿಸದೇ ಇದ್ರೆ ಅದೆಂಥ ರೈಲಯ್ಯಾ?" ಎಂದರು ಮೇಷ್ಟ್ರು. "ನಾಳೆ ಮಂಚದ ಮೇಲೆ ಮಲಗಿ ಫೋನಲ್ಲಿ ಓಡಿಸ್ತೀನಿ ಅಂತೀಯ."

"ಈಗಲೇ ಓಡಿಸ್ತೀನಿ ಮೇಷ್ಟ್ರೇ!"

"ಅದಕ್ಕೇ ಹೊಟ್ಟೆ ಬಂದಿದೆ."

ಟೀ ತಂದ ಅತ್ತಿಗೆ ತಟ್ಟೆಯನ್ನು ಕೈಯಲ್ಲೇ ಹಿಡಿದು ಕೇಳಿದಳು: "ಅದರಲ್ಲಿ ಒಟ್ಟಿಗೆ ಎಷ್ಟು ಜನ ಓಡಿಸಬಹುದು?"

ಮೂವರೂ ತಿರುಗಿ ನೋಡಿದರು. "ಎಷ್ಟು ಹ್ಯಾಂಡ್‌ಸೆಟ್ ಇದ್ರೆ ಅಷ್ಟು ಜನ ಅತ್ತಿಗೆ. ಒಬ್ಬೊಬ್ಬರಿಗೆ ಒಂದೊಂದು ರೈಲು," ಎಂದ ಗುಳಿಗೆ.

"ಹಾಗಾದ್ರೆ ಅದೇ ಸರಿ," ಎಂದು ಅತ್ತಿಗೆ ಟೀ ಕೆಳಗಿಟ್ಟಳು.

"ಕೇಳಿದ್ರಾ? ಸ್ವಿಚ್ಚು ಒತ್ತೋ ಕೆಲಸ ತಪ್ಪುತ್ತೆ ಅಂತ ಇವಳಿಗೆ ಖುಷಿ," ಎಂದ ಅಣ್ಣ. ಹೆಂಡತಿಯ ಕಷ್ಟ ಕಂಡು ಅವನ ಕರುಳು ಚುರುಕ್ ಎಂದಿತು. ಆ ವಾರವೇ ಡಿಜಿಟಲ್ ಸೆಟ್ಟು ತಂದ. ಒಂದು ಪೆಟ್ಟಿಗೆ, ಒಂದು ಹ್ಯಾಂಡ್‌ಸೆಟ್ಟು.

"ಇನ್ಮೇಲೆ ನೀನು ಆರಾಮಾಗಿರು. ರೈಲಿನ ಕೆಲಸವೇ ಇರಲ್ಲ ನಿಂಗೆ," ಎಂದು ಸ್ಟೂಲನ್ನು ಎತ್ತಿ ಅಡುಗೆಮನೆಯಲ್ಲಿಟ್ಟ.

ಅತ್ತಿಗೆ ಸ್ಟೂಲನ್ನೂ ಹ್ಯಾಂಡ್‌ಸೆಟ್ಟನ್ನೂ ನೋಡಿದಳು. ಸ್ವಿಚ್ಚು ಹೋಯಿತು, ಆ ಮೇಜಿನ ಬಳಿ ಅವಳಿಗಿದ್ದ ಒಂದೇ ಜಾಗವೂ ಹೋಯಿತು. ಒರೆಸುವ ಕೆಲಸವೊಂದು ಉಳಿಯಿತು, ಹಳಿ ಒರೆಸುವುದಕ್ಕೆ ಇನ್ನೂ ಯಾವ ಹೊಸ ಪದ್ಧತಿಯೂ ಬಂದಿರಲಿಲ್ಲ. ಗುಳಿಗೆಯ ಪ್ರಕಾರ ಡಿಜಿಟಲ್‌ಗೆ ಹಳಿ ಇನ್ನೂ ಚೊಕ್ಕಟವಾಗಿರಬೇಕಂತೆ.

ಸಂಬಳ ಬಂದ ಸಂಜೆ ಅವಳು ನನ್ನನ್ನು ಕರೆದುಕೊಂಡು ರೈಲಿನ ಅಂಗಡಿಗೆ ಹೋದಳು. ಇನ್ನೊಂದು ಹ್ಯಾಂಡ್‌ಸೆಟ್ಟು ಕೇಳಿದಳು. ಆಮೇಲೆ ಗಾಜಿನ ಕಪಾಟಿನ ಮುಂದೆ ನಿಂತು ಹೊಳೆಯುವ ಎಂಜಿನ್ನುಗಳನ್ನೆಲ್ಲ ಬಿಟ್ಟು, ಮೂಲೆಯಲ್ಲಿದ್ದ ಒಂದು ಕಪ್ಪು ಗೂಡ್ಸ್ ಎಂಜಿನ್ನನ್ನು ತೋರಿಸಿದಳು. ಅಗಲ ಮೈ, ತಗ್ಗಿದ ಮೂತಿ.

"ಇದು ನಿಧಾನ ಮೇಡಂ," ಎಂದ ಅಂಗಡಿಯವನು.

"ನಂಗೇನು ಅರ್ಜೆಂಟಿಲ್ಲ. ಎಳೆಯುತ್ತಲ್ಲ?"

"ಮನೇನೇ ಎಳೆಯುತ್ತೆ."

"ಹಾಗಾದ್ರೆ ನಮ್ಮ ಪೈಕಿನೇ," ಎಂದಳು.

ಮನೆಯಲ್ಲಿ ಅಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೇನೇ ಇದು, ಎಮ್ಮೆ ಇದ್ದ ಹಾಗಿದೆ!" ಎಂದ. ಅದಕ್ಕೆ ಅದೇ ಹೆಸರಾಯಿತು. ಅಣ್ಣನದು ಮೂರು ಡಬ್ಬಿಯ ನೀಲಿ ಎಕ್ಸ್‌ಪ್ರೆಸ್ಸು.

"ಇರು, ಇದಕ್ಕೆ ನಂಬರು ಹಾಕಬೇಕು. ಆಮೇಲೆ ಹಾಕಿಕೊಡ್ತೀನಿ. ಅಲ್ಲೀವರೆಗೂ ಹಳಿ ಮೇಲೆ ಇಡಬೇಡ," ಎಂದು ಎಮ್ಮೆಯನ್ನು ಕಪಾಟಿನ ಮೇಲಿಟ್ಟ.

ನಮ್ಮ ಮನೆಯಲ್ಲಿ 'ಆಮೇಲೆ' ಎಂಬುದು ಒಂದು ಊರಿನ ಹೆಸರಿದ್ದ ಹಾಗೆ. ಬಚ್ಚಲಿನ ಚಿಲಕ, ಅಡುಗೆಮನೆಯ ಕಪಾಟಿನ ಸಡಿಲ ಬಾಗಿಲು, ಅಮ್ಮನ ರೇಡಿಯೋ, ಎಲ್ಲವೂ ಅಲ್ಲಿಗೆ ಹೋಗಿ ನೆಲೆಸಿವೆ. ಒಂದೂ ತಿರುಗಿ ಬಂದಿಲ್ಲ. ಎಮ್ಮೆಯೂ ಆ ಊರು ಸೇರಿತು. ಅಣ್ಣ ಮಾತ್ರ ದಿನಾ ಸಂಜೆ ನೀಲಿ ಎಕ್ಸ್‌ಪ್ರೆಸ್ಸು ಓಡಿಸುತ್ತಿದ್ದ.

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ಹಲ್ಲು ಮಾಡೋಳ ಮನೇಲೇ ಈ ಗತಿ," ಎಂದು ಅಮ್ಮ ಗೊಣಗಿದಳು.

ಆ ಭಾನುವಾರ ಸ್ನೇಹಿತರಿಬ್ಬರೂ ಹೊಸ ಪದ್ಧತಿ ನೋಡಲು ಬರುವವರಿದ್ದರು. ಅತ್ತಿಗೆ ಬೆಳಿಗ್ಗೆಯೇ ಹಳಿ ಒರೆಸಿದಳು, ಟೀ ಮಾಡಿ ಫ್ಲಾಸ್ಕಿಗೆ ತುಂಬಿದಳು, ಬಿಸ್ಕತ್ತು ಜೋಡಿಸಿದಳು. ಆಮೇಲೆ ಏನನಿಸಿತೋ, ಕಪಾಟಿನಿಂದ ಎಮ್ಮೆಯನ್ನು ಇಳಿಸಿ ಆಚೆ ಸ್ಟೇಷನ್ನಿನ ಪಕ್ಕದಲ್ಲಿ, ಮುಂದೆ ದಾರಿಯಿಲ್ಲದ ಕುರುಡು ಹಳಿಯ ಮೇಲೆ ಇಟ್ಟಳು. "ನಂಬರು ಯಾವಾಗಾದ್ರೂ ಬರಲಿ. ಇವತ್ತು ಇದು ಇಲ್ಲಿ ನಿಂತಿರಲಿ," ಎಂದು ನನಗೆ ಹೇಳಿ, ತನ್ನ ಹ್ಯಾಂಡ್‌ಸೆಟ್ಟನ್ನು ಸೆರಗಿನ ಮರೆಯಲ್ಲಿ ಹಿಡಿದು ಅದರ ಹತ್ತಿರವೇ ನಿಂತಳು.

ಅಣ್ಣ ಕಪ್ಪು ಡಬ್ಬಿಯ ಕಾಲ ಮುಗಿಯಿತೆಂದು ಸಣ್ಣ ಭಾಷಣ ಮಾಡಿ ತನ್ನ ಹ್ಯಾಂಡ್‌ಸೆಟ್ಟಿನ ತಿರುಪು ತಿರುಗಿಸಿದ. ನೀಲಿ ಎಕ್ಸ್‌ಪ್ರೆಸ್ಸು ಹೊರಟಿತು. ಅದೇ ಗಳಿಗೆಯಲ್ಲಿ, ಯಾರೂ ಮುಟ್ಟದೆ, ಎಮ್ಮೆಯೂ ಹೊರಟಿತು.

ಎಲ್ಲರ ಕಣ್ಣು ನೀಲಿಯ ಮೇಲಿತ್ತು. ಎಮ್ಮೆ ಹಳಿಯ ತುದಿಗೆ ಗುದ್ದುವ ಮೊದಲು ಅತ್ತಿಗೆ ಅದನ್ನು ಗಬಕ್ಕನೆ ಎತ್ತಿ ಮಡಿಲಿಗೆ ಹಾಕಿಕೊಂಡಳು. ಗಾಬರಿಯಲ್ಲಿ ಇನ್ನೊಂದು ಕೈಯ ಹ್ಯಾಂಡ್‌ಸೆಟ್ಟಿನ ತಿರುಪನ್ನು ಸೊನ್ನೆಗೆ ತಂದಳು. ಸೇತುವೆಯ ನಡುವೆ ನೀಲಿ ಎಕ್ಸ್‌ಪ್ರೆಸ್ಸು ಗಕ್ಕನೆ ನಿಂತಿತು.

"ಏನಾಯ್ತು?" ಎಂದರು ಮೇಷ್ಟ್ರು.

ಅಣ್ಣ ತಿರುಪು ತಿರುಗಿಸಿದ, ರೈಲು ಹೊರಟಿತು. ಅತ್ತಿಗೆ, ನಿಜವೋ ಸುಳ್ಳೋ ಎಂದು ನೋಡುವವಳ ಹಾಗೆ, ತನ್ನ ತಿರುಪನ್ನು ಒಂದು ಚೂರು ಹಿಂದಕ್ಕೆ ತಂದಳು. ರೈಲು ನಿಧಾನವಾಯಿತು. ಅಣ್ಣ ಮತ್ತೆ ಏರಿಸಿದ, ಅವಳು ಮತ್ತೆ ಇಳಿಸಿದಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ನೀಲಿ ಎಕ್ಸ್‌ಪ್ರೆಸ್ಸು ಬಿಕ್ಕಳಿಸತೊಡಗಿತು.

"ಹಳಿ ಕೊಳೆಯಾಗಿದೆ," ಎಂದು ಅಣ್ಣ ಹಿಂದೆ ತಿರುಗದೆಯೇ ಹೇಳಿದ. "ಬೆಳಿಗ್ಗೆ ಸರಿಯಾಗಿ ಒರೆಸಿದ್ಯೇನೇ?"

ಅತ್ತಿಗೆಯ ಮುಖದಲ್ಲಿದ್ದ ಗಾಬರಿ ಹೋಗಿ ಬೇರೇನೋ ಬಂತು. "ಒರೆಸಿದೀನಿ. ನೀವು ತಿರುಪಿಂದ ಕೈ ತೆಗೆದು ಸ್ವಲ್ಪ ಹೊತ್ತು ಬಿಡಿ, ಸರಿಹೋಗುತ್ತೆ," ಎಂದಳು.

ಅಣ್ಣ ಕೈ ತೆಗೆದ. ಸೆರಗಿನ ಮರೆಯಲ್ಲಿ ಅತ್ತಿಗೆಯ ಹೆಬ್ಬೆರಳು ತಿರುಗಿತು. ನೀಲಿ ಎಕ್ಸ್‌ಪ್ರೆಸ್ಸು ಹಾಲಿನ ಮೇಲಿನ ಕೆನೆ ಸರಿದ ಹಾಗೆ ಸರಿಯಿತು. ಸೇತುವೆ ದಾಟಿತು, ಸುರಂಗದ ದವಡೆಯೊಳಗೆ ಹೊಕ್ಕು ಹೊರಬಂತು, ತಿರುವಿನಲ್ಲಿ ಮೆಲ್ಲಗಾಗಿ, ಸ್ಟೇಷನ್ನಿನ ಪ್ಲಾಟ್‌ಫಾರಂಗೆ ಬಾಗಿಲು ಸರಿಯಾಗಿ ಕೂರುವಂತೆ ನಿಂತಿತು.

"ಆಹಾ!" ಎಂದ ಗುಳಿಗೆ. "ಈ ನಯ ನೋಡಿ! ಇದು ಡಿಜಿಟಲ್ಲು ಅಂದ್ರೆ."

"ಪದ್ಧತಿ ಯಾವುದಾದ್ರೇನು, ಕೈಗುಣ ಇರಬೇಕಲ್ಲ," ಎಂದರು ಮೇಷ್ಟ್ರು ಅಣ್ಣನ ಬೆನ್ನು ತಟ್ಟಿ.

"ಎಂಜಿನ್ ಸ್ವಲ್ಪ ಬಿಸಿ ಆಗಬೇಕಿತ್ತು," ಎಂದ ಅಣ್ಣ ವಿನಯದಿಂದ.

ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಮ್ಮನಿಗೆ ರೈಲಿನ ಬಗ್ಗೆ ಏನೂ ಗೊತ್ತಿಲ್ಲ, ಸೊಸೆಯ ಕೈ ಚೆನ್ನಾಗಿ ಗೊತ್ತು. "ಓಡಿಸ್ತಿರೋದು ನೀನಲ್ಲ ಕಣೋ ದಡ್ಡ," ಎಂದಳು. "ನಿನ್ನ ಕೈ ಜೇಬಲ್ಲಿದೆ. ಓಡಿಸ್ತಿರೋದು ಅವಳು."

ಎಲ್ಲರೂ ತಿರುಗಿದರು. ಮಡಿಲಲ್ಲಿ ಎಮ್ಮೆ, ಕೈಯಲ್ಲಿ ಹ್ಯಾಂಡ್‌ಸೆಟ್ಟು, ಅತ್ತಿಗೆ ಸಿಕ್ಕಿಬಿದ್ದ ಕಳ್ಳಿಯ ಹಾಗೆ ನಗುತ್ತಿದ್ದಳು.

ಮೊದಲು ಅರ್ಥವಾದದ್ದು ಮೇಷ್ಟ್ರಿಗೆ. ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನಯ್ಯಾ, ನಂಬರೇ ಹಾಕಿಲ್ಲವೇನೋ? ಚಿಪ್ಪಿನ ಎಂಜಿನ್ನೆಲ್ಲ ಅಂಗಡಿಯಿಂದ ಬರೋದೇ ಮೂರು ಅನ್ನೋ ನಂಬರಲ್ಲಿ. ಹೊಸ ಹ್ಯಾಂಡ್‌ಸೆಟ್ಟೂ ಆ ಮೂರರ ಜೊತೆಗೇ ಮಾತಾಡೋದು. ಆಸ್ಪತ್ರೇಲಿ ಹುಟ್ಟಿದ ಮಕ್ಕಳಿಗೆಲ್ಲ 'ಮಗು' ಅಂತ ಬರೀತಾರಲ್ಲ, ಹಾಗೆ. ಹೆಸರು ಮನೆಯವರು ಇಡಬೇಕು. ನಿಂದೂ ಮೂರು, ಅವರದೂ ಮೂರು. ಯಾರು ತಿರುಪು ತಿರುಗಿಸಿದ್ರೂ ಎರಡೂ ಓಡುತ್ತೆ!"

"ಅದೇ, ಆಮೇಲೆ ಹಾಕ್ತೀನಿ ಅಂದಿದ್ದೆ..." ಎಂದ ಅಣ್ಣ. ಅವನ ಕಿವಿ ಕೆಂಪಾಗಿತ್ತು. ಆದರೂ ಪಾಪ, ಕಣ್ಣು ಪ್ಲಾಟ್‌ಫಾರಮ್ಮಿನ ಕಡೆಗೇ ಇತ್ತು. "ಅಲ್ಲ, ಅಷ್ಟು ಸರಿಯಾಗಿ ಹೇಗೇ ನಿಲ್ಲಿಸಿದೆ? ನಂಗೆ ಇವತ್ತಿನವರೆಗೂ ಬಾಗಿಲು ಕೂತಿಲ್ಲ."

"ಮೊದಲು ನಂಬರು," ಎಂದಳು ಅತ್ತಿಗೆ. "ಮೇಷ್ಟ್ರೇ, ಹೇಗೆ ಹಾಕೋದು ಹೇಳಿ. ಈಗ."

ಹಳಿಯ ಮೇಲೆ ಬೇರೆ ಯಾವ ಎಂಜಿನ್ನೂ ಇರಬಾರದು ಎಂದರು ಮೇಷ್ಟ್ರು. ಅಣ್ಣ ತನ್ನ ನೀಲಿಯನ್ನು ಎತ್ತಿ ಎದೆಗೆ ಒತ್ತಿ ಹಿಡಿದು ನಿಂತ. ಎಮ್ಮೆಯೊಂದೇ ಹಳಿಯ ಮೇಲೆ ನಿಂತಿತು. ಮೊದಲನೇ ಸಲ ಅತ್ತಿಗೆ ತಪ್ಪು ಗುಂಡಿ ಒತ್ತಿದ್ದಕ್ಕೆ ಅದರ ದೀಪ ಪಿಳಿಪಿಳಿ ಎಂದಿತು. ಎರಡನೇ ಸಲ ಸರಿಹೋಯಿತು.

"ಹದಿನೇಳು," ಎಂದಳು.

"ಹದಿನೇಳು ಯಾಕೆ?" ಎಂದ ಅಣ್ಣ.

"ಸುಮ್ನೆ. ನಿಮ್ಮ ಮೂರಕ್ಕೆ ಯಾರಾದ್ರೂ ಕಾರಣ ಕೇಳಿದ್ರಾ?"

ಎಮ್ಮೆಗೆ ಒಂದು ಸಾಲು ಗೂಡ್ಸ್ ಡಬ್ಬಿ ಕಟ್ಟಿದರು. ಅದು ಆಚೆ ಸ್ಟೇಷನ್ನಿನಿಂದ, ನೀಲಿ ಈಚೆ ಸ್ಟೇಷನ್ನಿನಿಂದ ಹೊರಟವು. ಅತ್ತಿಗೆಯ ಕಣ್ಣು ಎಮ್ಮೆಯ ಮೂತಿ ಬಿಟ್ಟು ಕದಲಲಿಲ್ಲ. ಅಣ್ಣನೂ ಎಂದಿನಂತೆ ತನ್ನ ಎಂಜಿನ್ನನ್ನೇ ನೋಡುತ್ತಿದ್ದ. ಅವನಿಗೆ ದಾರಿ ಯಾವಾಗಲೂ ತಾನಾಗಿ ತೆರೆದುಕೊಳ್ಳುತ್ತಿತ್ತು. ಸೇತುವೆಯ ಮೇಲೆ ಎರಡೂ ಮೂತಿಗೆ ಮೂತಿ ತಾಗಿಸಿ ನಿಂತವು.

"ಅಯ್ಯೋ! ಯಾರು..." ಎಂದು ಅಣ್ಣ ಅಭ್ಯಾಸಬಲದಿಂದ ಅಡುಗೆಮನೆ ಬಾಗಿಲ ಮೂಲೆಯ ಕಡೆ ತಿರುಗಿದ. ಅಲ್ಲಿ ಯಾರೂ ಇರಲಿಲ್ಲ. ಇರುವವಳು ಎದುರಿನಿಂದ ರೈಲು ತಂದಿದ್ದಳು.

"ರೀ, ಹಿಂದೆ ತಗೊಳ್ಳಿ," ಎಂದಳು.

"ನಂದು ಎಕ್ಸ್‌ಪ್ರೆಸ್ ಕಣೇ!"

"ಇರಬಹುದು. ನಿಮಗೆ ಮೂರೇ ಡಬ್ಬಿ. ನಾನು ಇಷ್ಟುದ್ದ ಬಾಲ ಹಿಂದಕ್ಕೆ ತಳ್ಳಿದ್ರೆ ತಿರುವಲ್ಲಿ ಹಳಿ ತಪ್ಪುತ್ತೆ."

ಅಣ್ಣ ಸ್ನೇಹಿತರನ್ನು ನೋಡಿದ. ಗುಳಿಗೆ ಚಾವಣಿ ನೋಡಿದ. ಮೇಷ್ಟ್ರು ಗಡ್ಡ ಕೆರೆದುಕೊಂಡು, "ನ್ಯಾಯ ಅವರ ಕಡೆ ಇದೆಯಪ್ಪ," ಎಂದರು. "ಎಷ್ಟಾದ್ರೂ ಎಮ್ಮೆ. ದಾರಿ ಮಧ್ಯೆ ನಿಂತ್ರೆ ಯಾರು ಎಬ್ಬಿಸ್ತಾರೆ?" ಎಂದು ಅಮ್ಮ ಬಾಯ್ತುಂಬ ಹಲ್ಲು ಬಿಟ್ಟು ನಕ್ಕಳು.

ಅಣ್ಣ ನೀಲಿಯನ್ನು ಮೆಲ್ಲಗೆ ಹಿಂದಕ್ಕೆ ತಂದ. ಸ್ಟೇಷನ್ನಿನ ಪಕ್ಕದ ಹಳಿಗೆ ತಿರುಗಿಸಲು ಕೀಲು ಒತ್ತಬೇಕಿತ್ತು. ಅದನ್ನು ಇಷ್ಟು ದಿನ ಯಾರು ಒತ್ತುತ್ತಿದ್ದರೆಂದು ನೆನಪಾಯಿತೋ ಏನೋ, ಒಂದು ಕ್ಷಣ ನಿಂತು, ಮೇಜಿನ ಆ ತುದಿಗೆ ಹೋಗಿ, ಬಗ್ಗಿ ತಾನೇ ಒತ್ತಿದ. ನೀಲಿ ಪಕ್ಕಕ್ಕೆ ಸರಿದು ನಿಂತಿತು. ಮತ್ತೆ ಬಗ್ಗಿ ಕೀಲನ್ನು ಎಮ್ಮೆಯ ದಾರಿಗೆ ತಿರುಗಿಸಿದ.

ಎಮ್ಮೆ ಹೊರಟಿತು. ಅಗಲ ಮೈಯನ್ನು ಅಲುಗಾಡಿಸುತ್ತ, ಸೇತುವೆಯ ಮೇಲೆ ಗಡಗಡ ಎನ್ನುತ್ತ, ಯಾರ ಹಂಗೂ ಇಲ್ಲದ ಹಾಗೆ ಬಂತು. ಅತ್ತಿಗೆ ಅದರ ಜೊತೆಜೊತೆಗೇ ಮೇಜಿನ ಅಂಚಿನಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ನಡೆದಳು.

"ಟೀ ಏನಾದ್ರೂ..." ಎಂದು ಗುಳಿಗೆ ಬಾಯಿ ತೆಗೆದ.

"ಫ್ಲಾಸ್ಕಲ್ಲಿದೆ. ಬಗ್ಗಿಸ್ಕೊಳ್ಳಿ. ನಂಗೂ ಒಂದು," ಎಂದಳು ಅತ್ತಿಗೆ, ಕಣ್ಣು ತೆಗೆಯದೆ.

ಎಮ್ಮೆ ಸ್ಟೇಷನ್ನು ಹೊಕ್ಕಿತು. ಅದರ ಹಿಂದೆ ಒಂದೊಂದೇ ಡಬ್ಬಿ, ಕಾದು ನಿಂತ ನೀಲಿ ಎಕ್ಸ್‌ಪ್ರೆಸ್ಸಿನ ಕಿಟಕಿಗಳ ಮುಂದೆ ಸಾವಕಾಶವಾಗಿ ಹಾದುಹೋಯಿತು. ಅಣ್ಣ ಎರಡೂ ಕೈಯಲ್ಲಿ ಹ್ಯಾಂಡ್‌ಸೆಟ್ಟು ಹಿಡಿದು ಕಾಲು ಬದಲಿಸುತ್ತ ನಿಂತಿದ್ದ.

"ಈಗ ನಾನು ಹೊರಡ್ಲಾ?" ಎಂದು ಕೇಳಿದ.

"ಇರೀಪ್ಪಾ," ಎಂದಳು ಅತ್ತಿಗೆ. "ಕೊನೇ ಡಬ್ಬಿ ಇನ್ನೂ ಬರ್ತಾ ಇದೆ."